57ರಲ್ಲಿ ಕೆಲಸ ಹೋಯಿತು, ಉಳಿತಾಯ ಇದೆ: ಬ್ರಿಟನ್ನಿನಲ್ಲಿ ನಿರುದ್ಯೋಗ ಭತ್ಯೆ ಕೇಳಬಹುದಾ?

ಬ್ರಿಟನ್ನಿಗೆ ಬಂದು 24 ವರ್ಷ, ಈಗ ವಯಸ್ಸು 57. ಕಂಪನಿ ಜನರನ್ನು ಕಡಿಮೆ ಮಾಡುವಾಗ ನೀವೇ ಒಪ್ಪಿ ರಿಡಂಡೆನ್ಸಿ (ಪರಿಹಾರ ಪಡೆದು ಕೆಲಸ ಬಿಡುವುದು) ತೆಗೆದುಕೊಂಡಿದ್ದೀರಿ. ಪರಿಹಾರದ ಹಣ ಬ್ಯಾಂಕಿನಲ್ಲಿದೆ, ಮನೆಯವರು ದುಡಿಯುತ್ತಿದ್ದಾರೆ. ಇಷ್ಟಿದ್ದೂ ಭತ್ಯೆ ಕೇಳುವುದು ಸರಿಯಾ ಅಂತ ಬರೆದಿದ್ದೀರಿ.

ಕೇಳಿ. ಈ ವಾರವೇ ಕೇಳಿ.

ನನಗೂ ಇದೇ ವಯಸ್ಸಿನಲ್ಲಿ ಕೆಲಸ ಹೋಗಿತ್ತು. ಕೈಯಲ್ಲಿ ದುಡ್ಡಿರುವಾಗ ಸರ್ಕಾರದ ಮುಂದೆ ಕೈಯೊಡ್ಡುವುದಾ ಅಂತ ಐದು ತಿಂಗಳು ಸುಮ್ನೆ ಕೂತೆ. ಉಳಿತಾಯ ಇದ್ದವರಿಗೆ ಏನೂ ಸಿಗುವುದಿಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿದ್ದೆ. ಆ ಮಾತು ಯೂನಿವರ್ಸಲ್ ಕ್ರೆಡಿಟ್‌ಗೆ, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವಿಗೆ, ಸರಿ. ಗಂಡ ಹೆಂಡತಿ ಇಬ್ಬರದೂ ಸೇರಿ 16,000 ಪೌಂಡಿಗಿಂತ ಜಾಸ್ತಿ ಇದ್ದರೆ ಅದು ಸಿಗುವುದಿಲ್ಲ.

ನೀವು ಕೇಳಬೇಕಾದದ್ದು ಬೇರೆ. ಅದರ ಹೆಸರು ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋವೆನ್ಸ್. ಇದಕ್ಕೆ ಉಳಿತಾಯ ನೋಡುವುದಿಲ್ಲ, ಮನೆಯವರ ಸಂಬಳವನ್ನೂ ನೋಡುವುದಿಲ್ಲ. ಕಳೆದ ಎರಡು ಮೂರು ವರ್ಷ ನಿಮ್ಮ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದೀರಾ ಅಂತ ನೋಡುತ್ತಾರೆ. ಪ್ರತಿ ತಿಂಗಳು ಪೇಸ್ಲಿಪ್‌ನಲ್ಲಿ ಹಿಡಿದುಕೊಂಡ ಹಣ ಅದು. ವಿಮೆ ಕಟ್ಟಿದವರು ವಿಮೆ ಕೇಳುತ್ತಾರೆ, ಅಷ್ಟೇ ಅಲ್ವಾ? ಇದು ತಲೆಗೆ ಹೋಗುವಷ್ಟರಲ್ಲಿ ನನಗೆ ತಡವಾಗಿತ್ತು. ಗೊತ್ತಿರಲಿಲ್ಲ ಅಂದರೆ ಹಿಂದಿನ ವಾರಗಳ ಹಣ ಕೊಡುವುದಿಲ್ಲ.

ಮೊತ್ತ ದೊಡ್ಡದಲ್ಲ. 2025-26ರಲ್ಲಿ 25 ದಾಟಿದವರಿಗೆ ವಾರಕ್ಕೆ 92.05 ಪೌಂಡ್, ಹೆಚ್ಚೆಂದರೆ 182 ದಿನ. ಇದಕ್ಕೆ ತೆರಿಗೆಯೂ ಅನ್ವಯಿಸುತ್ತದೆ.

ಆದರೆ ನಮ್ಮಂಥವರಿಗೆ ಆ ಹಣಕ್ಕಿಂತ ಮುಖ್ಯವಾದದ್ದು ಒಂದಿದೆ. ಭತ್ಯೆ ಪಡೆಯುವ ವಾರಗಳಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತದೆ, ಅಂದರೆ ಕಟ್ಟದಿದ್ದರೂ ಕಟ್ಟಿದ ಹಾಗೆ ಲೆಕ್ಕ. ಇಲ್ಲಿ ಹೊಸ ಸ್ಟೇಟ್ ಪೆನ್ಷನ್ (ಸರ್ಕಾರದ ಪಿಂಚಣಿ) ಪೂರ್ತಿ ಬರಲು ಸಾಮಾನ್ಯವಾಗಿ 35 ವರ್ಷದ ನ್ಯಾಷನಲ್ ಇನ್ಶೂರೆನ್ಸ್ ದಾಖಲೆ ಬೇಕು. ಇಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ದುಡಿಯುತ್ತಲೇ ಅದು ತುಂಬಿರುತ್ತದೆ. ನಾವು ಅರ್ಧ ವಯಸ್ಸು ಕಳೆದ ಮೇಲೆ ಬಂದವರು. ಭಾರತದಲ್ಲಿ ದುಡಿದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ 24ಕ್ಕೆ ಪೆನ್ಷನ್ ವಯಸ್ಸಿನವರೆಗಿನ ಇನ್ನು ಹತ್ತು ಸೇರಿದರೂ 34. ಒಂದು ವರ್ಷವನ್ನೂ ಖಾಲಿ ಬಿಡುವ ಹಾಗಿಲ್ಲ. 182 ದಿನ ಮುಗಿದ ಮೇಲೂ ಹಣ ಇಲ್ಲದೆ ಬರೀ ಕ್ರೆಡಿಟ್‌ಗಾಗಿ ಹೆಸರು ಉಳಿಸಿಕೊಳ್ಳಬಹುದು. ಇದನ್ನು ಬಾಯಿಬಿಟ್ಟು ಕೇಳಿ.

ನೀವೇ ಒಪ್ಪಿ ಬಿಟ್ಟಿದ್ದಕ್ಕೆ ಶಿಕ್ಷೆ ಇದೆಯಾ ಅಂತ ಹೆದರಿದ್ದೀರಿ. ರಿಡಂಡೆನ್ಸಿಗೆ ಒಪ್ಪುವುದನ್ನು ಸುಮ್ಮನೆ ರಾಜೀನಾಮೆ ಕೊಟ್ಟ ಹಾಗೆ ನೋಡುವುದಿಲ್ಲ. ಕಂಪನಿಯ ಪತ್ರ ಜೋಪಾನವಾಗಿಡಿ. ನೋಟಿಸ್ ಅವಧಿಯ ಬದಲು ಸಂಬಳ ಕೊಟ್ಟಿದ್ದರೆ ಮಾತ್ರ ಆ ವಾರಗಳು ಕಳೆದ ಮೇಲೆ ಭತ್ಯೆ ಶುರುವಾಗುತ್ತದೆ.

ಇನ್ನೊಂದು ಮಾತು. ಕಂಪನಿ ಪೆನ್ಷನ್ ಈಗಲೇ ತೆಗೆಯುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ವಾರಕ್ಕೆ 50 ಪೌಂಡ್ ಮೀರಿದ ಪೆನ್ಷನ್ ಬಂದರೆ, ಮೀರಿದಷ್ಟನ್ನು ಭತ್ಯೆಯಲ್ಲಿ ಕಳೆಯುತ್ತಾರೆ.

ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಆಮೇಲೆ ಜಾಬ್‌ಸೆಂಟರ್‌ಗೆ (ಸರ್ಕಾರದ ಉದ್ಯೋಗ ಕಚೇರಿಗೆ) ಕರೆಯುತ್ತಾರೆ. ಮೊದಲ ದಿನ ಆ ಬಾಗಿಲ ಹೊರಗೆ ನಾನು ತುಂಬಾ ಹೊತ್ತು ನಿಂತಿದ್ದೆ. ಒಳಗೆ ಕೂತಿದ್ದ ಹುಡುಗಿಗೆ ನನ್ನ ಮಗಳ ವಯಸ್ಸು. ಆಕೆ ನನ್ನ ಅನುಭವದ ಬಗ್ಗೆ ಕೇಳಿದಳು, ಗೌರವದಿಂದಲೇ ಕೇಳಿದಳು. ವಾರದಲ್ಲಿ ಏನೇನು ಹುಡುಕುತ್ತೀರಿ ಅಂತ ಒಂದು ಒಪ್ಪಂದ ಬರೆಸುತ್ತಾರೆ. ಮೊದಲ ನಾಲ್ಕು ವಾರ ಮಾತ್ರ ನಿಮ್ಮದೇ ಕ್ಷೇತ್ರದ ಕೆಲಸ ಹುಡುಕಲು ಬಿಡಬಹುದು, ನಂತರ ಬೇರೆ ಕೆಲಸಗಳನ್ನೂ ನೋಡಬೇಕು. ವಾರಕ್ಕೆ 16 ಗಂಟೆಗಿಂತ ಕಡಿಮೆ ಕೆಲಸ ಸಿಕ್ಕಿದರೆ ಮಾಡಬಹುದು, ಆದರೆ ತಿಳಿಸಲೇಬೇಕು.

ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕ್ ವಿವರ, ಕಂಪನಿಯ ಪತ್ರ ಮುಂದಿಟ್ಟುಕೊಂಡು ಕೂತುಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.