ಯಾರ ಜೀಪಿನಲ್ಲಿ ಹೋಗಿದ್ದರು, ಮೊದಲು ಅದನ್ನು ಕೇಳಿ

ಪ್ರಶ್ನೆ: 1971ರ ಬಾಂಗ್ಲಾ ಯುದ್ಧದ ವಿಷಯದಲ್ಲಿ ಭಾರತ, ಪಾಕಿಸ್ತಾನ ಎರಡೂ ಕಡೆಯ ಪತ್ರಿಕೆಗಳನ್ನು ನಂಬುವಂತಿಲ್ಲ. ವಿದೇಶಿ ಪತ್ರಕರ್ತರು ಬರೆದದ್ದೇ ಸತ್ಯ ಅಲ್ವಾ?

ಉತ್ತರ: ಅಲ್ಲ. ಪ್ರತಿ ಡಿಸೆಂಬರ್‌ನಲ್ಲೂ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಬೇಸರವಾಗುತ್ತದೆ. ಹೊರಗಿನವರು ಅಂದ ಮಾತ್ರಕ್ಕೆ ಯಾರೂ ನಿಷ್ಪಕ್ಷಪಾತಿ ಆಗಿಬಿಡುವುದಿಲ್ಲ. ವರದಿಗಾರ ಎಲ್ಲಿ ನಿಂತು ನೋಡಿದ, ಅಲ್ಲಿಗೆ ಯಾರು ಕರೆದೊಯ್ದರು, ಅವನು ಬರೆದದ್ದನ್ನು ಮೊದಲು ಓದಿದವರು ಯಾರು? ನೋಡಬೇಕಾದ್ದು ಇದನ್ನು.

ಮಾರ್ಚ್ 25ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ, ಅಂದರೆ ಇಂದಿನ ಬಾಂಗ್ಲಾದೇಶದ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ದಾಳಿ ಶುರು ಮಾಡಿದಾಗ ವಿದೇಶಿ ಪತ್ರಕರ್ತರನ್ನು ಇಂಟರ್‌ಕಾಂಟಿನೆಂಟಲ್ ಹೋಟೆಲಿನಲ್ಲೇ ಕೂಡಿಹಾಕಿ, ಆಮೇಲೆ ದೇಶದಿಂದ ಹೊರಗಟ್ಟಿದರು. ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಸೈಮನ್ ಡ್ರಿಂಗ್ ಮಾತ್ರ ಫೋಟೋಗ್ರಾಫರ್ ಮಿಶೆಲ್ ಲೊರಾಂ ಜೊತೆ ಹೋಟೆಲಿನಲ್ಲೇ ಅಡಗಿ ಕೂತರು. ಕರ್ಫ್ಯೂ ಸಡಿಲಿಸಿದಾಗ ವಿಶ್ವವಿದ್ಯಾಲಯದ ಹಾಸ್ಟೆಲ್, ಹಳೇ ಢಾಕಾ ಎಲ್ಲ ಕಣ್ಣಾರೆ ನೋಡಿದರು. ವರದಿ ಮಾರ್ಚ್ 30ಕ್ಕೆ ಅಚ್ಚಾಯಿತು. ಅದಕ್ಕೆ ತೂಕ ಬಂದದ್ದು ಡ್ರಿಂಗ್ ಬ್ರಿಟಿಷರು ಅನ್ನುವ ಕಾರಣಕ್ಕಲ್ಲ, ಸೇನೆ ತೋರಿಸದ ಜಾಗಕ್ಕೆ ಹೋಗಿದ್ದಕ್ಕೆ.

ಇನ್ನು ಲಂಡನ್ನಿನ 'ಸಂಡೇ ಟೈಮ್ಸ್' ಜೂನ್ 13ರಂದು ಅಚ್ಚು ಹಾಕಿದ ಲೇಖನ. ಜಗತ್ತನ್ನು ಅಲುಗಾಡಿಸಿದ 'ವಿದೇಶಿ ವರದಿ' ಅಂತ ಎಲ್ಲರೂ ಹೇಳುವುದು ಇದನ್ನೇ. ಬರೆದವರು ಕರಾಚಿಯ ಪತ್ರಕರ್ತ ಆಂಟನಿ ಮಸ್ಕರೇನಸ್, ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲಿ. 'ಎಲ್ಲ ಸರಿಯಿದೆ' ಅಂತ ಬರೆಸಲು ಸೇನೆಯೇ ಎಂಟು ಪತ್ರಕರ್ತರನ್ನು ಪೂರ್ವ ಪಾಕಿಸ್ತಾನಕ್ಕೆ ಕರೆದೊಯ್ದಿತ್ತು. ಏಳು ಜನ ಹಾಗೇ ಬರೆದರು. ಮಸ್ಕರೇನಸ್ ಬರೆಯಲಿಲ್ಲ. ನಮ್ಮವನೇ ಅಂದುಕೊಂಡ ಅಧಿಕಾರಿಗಳು ಕೊಂದದ್ದನ್ನೆಲ್ಲ ಅವರೆದುರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು. ಯಾವ ಬಿಳಿಯ ವರದಿಗಾರನ ಮುಂದೆ ಹಾಗೆ ಬಾಯಿ ಬಿಡುತ್ತಿದ್ದರು? ಸಂಪಾದಕರನ್ನು ಕಾಣಲು ಲಂಡನ್ನಿಗೆ ಹೋದ ಮಸ್ಕರೇನಸ್, ಮನೆಯವರನ್ನು ಹೊರಗೆ ಕಳಿಸಲು ಮತ್ತೆ ಕರಾಚಿಗೆ ಬಂದರು. 'ಆನ್‌ಳ ಆಪರೇಷನ್ ಯಶಸ್ವಿಯಾಯಿತು' ಎಂಬ ಟೆಲಿಗ್ರಾಂ, ಹೊರಡಲು ಮನೆಯವರಿಗೆ ಅವರು ಕೊಟ್ಟ ಗುಟ್ಟಿನ ಸೂಚನೆ. ಹೆಂಡತಿ ಮಕ್ಕಳು ದಾಟಿದ ಮೇಲೆ ತಾವು ಅಫ್ಘಾನಿಸ್ತಾನದ ಹಾದಿ ಹಿಡಿದರು. ಲೇಖನ ಅಚ್ಚಾಗಿದ್ದು ಆಮೇಲೆ.

ಹೊರಗಟ್ಟಿದ ಮೇಲೆ ಹೆಚ್ಚಿನ ವಿದೇಶಿ ವರದಿಗಾರರಿಗೆ ಸಿಕ್ಕಿದ್ದು ಭಾರತದ ನಿರಾಶ್ರಿತರ ಶಿಬಿರಗಳು. ಸುಮಾರು 1 ಕೋಟಿ ಜನರ ಆ ಸಂಕಟ ನಿಜ. ಆದರೆ ಗಡಿ ದಾಟಲಾಗದೆ ಒಳಗೇ ಉಳಿದವರ ಪಾಡು ಶಿಬಿರದಿಂದ ಕಾಣುತ್ತಿರಲಿಲ್ಲ. ದೂರದ ಸುದ್ದಿಮನೆಗಳ ಡೆಸ್ಕುಗಳಿಗೋ ಇದು ಅಮೆರಿಕ, ರಷ್ಯಾ, ಚೀನಾ ಲೆಕ್ಕಾಚಾರದಲ್ಲಿ ಒಂದು ತುಂಡು. ಡಿಸೆಂಬರ್ 3ರಿಂದ 16ರವರೆಗಿನ 'ಭಾರತ-ಪಾಕ್ ಯುದ್ಧ' ಅಂತ ಬರೆದರೆ ಮಾರ್ಚ್‌ನಿಂದ ನಡೆದ ಕೊಲೆಗಳೆಲ್ಲ ಬರೀ ಪೀಠಿಕೆ ಆಗಿಬಿಡುತ್ತವೆ. ಇಲ್ಲಿ ಯಾರೂ ಸುಳ್ಳು ಹೇಳಬೇಕಿಲ್ಲ, ಕಥೆ ಯಾವ ದಿನದಿಂದ ಶುರು ಅನ್ನುವುದೇ ಸಾಕು.

ಪ್ರಶ್ನೆ: ಸತ್ತವರೆಷ್ಟು? ಯಾವ ವಿದೇಶಿ ಪತ್ರಿಕೆಯ ಲೆಕ್ಕ ಸರಿ?

ಉತ್ತರ: ಬಾಂಗ್ಲಾದೇಶ ಸರ್ಕಾರ 30 ಲಕ್ಷ ಎನ್ನುತ್ತದೆ, ಹಲವು ಸಂಶೋಧಕರ ಅಂದಾಜು ಅದಕ್ಕಿಂತ ಕಡಿಮೆ. ಪತ್ರಿಕೆಗಳು ಹೆಣ ಎಣಿಸಿರಲಿಲ್ಲ.

ಪ್ರಶ್ನೆ: 'ಬಿಬಿಸಿ ಮುಚ್ಚಿಟ್ಟ 1971ರ ಸತ್ಯ' ಅನ್ನುವ ಫಾರ್ವರ್ಡ್ ನಿಜವೇ?

ಉತ್ತರ: ತಾರೀಕಿಲ್ಲ, ವರದಿಗಾರನ ಹೆಸರಿಲ್ಲ, ಊರಿಲ್ಲ. ಸತ್ತವರ ಹೆಸರಲ್ಲಿ ಲೈಕ್ ಗಿಟ್ಟಿಸುವ ಇಂಥವರಿಂದಲೇ ನಿಜವಾದ ಸಾಕ್ಷಿಗಳ ಮೇಲೂ ಜನರಿಗೆ ನಂಬಿಕೆ ಹೋಗುತ್ತಿದೆ. ದಯವಿಟ್ಟು ಯಾರಿಗೂ ಕಳಿಸಬೇಡಿ, ನನಗೂ ಕೂಡ.