ಗರ್ದಿ ಎಷ್ಟು, ಪಾಳಿ ಎಷ್ಟು ಹೊತ್ತು?

ಪ್ರಶ್ನೆ: ಮಕ್ಕಳಿಗೆ 9 ಮತ್ತು 13 ವರ್ಷ. ಬಿಡದಿ ಹತ್ತಿರದ ವಂಡರ್‌ಲಾ ತೋರಿಸಬೇಕೆಂದಿದ್ದೇವೆ. ಗರ್ದಿ ಕಡಿಮೆ ಇರುವುದು ಯಾವಾಗ?
– ಓದುಗರು, ಕಾರವಾರ

ಉತ್ತರ: ಪಂಚಾಂಗಕ್ಕಿಂತ ಮುಂಚೆ ಶಾಲೆಯ ಕ್ಯಾಲೆಂಡರ್ ನೋಡಬೇಕಾದ ಪ್ರವಾಸ ಇದು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಬೇಸಿಗೆ ರಜೆ. ಆಗ ಬುಧವಾರಕ್ಕೂ ಭಾನುವಾರಕ್ಕೂ ಹೆಚ್ಚು ಫರಕು ಉಳಿಯುವುದಿಲ್ಲ. ದಸರಾ ರಜೆ ಮತ್ತು ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದ ಕತೆಯೂ ಅದೇ. ನವೆಂಬರ್, ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಬರುತ್ತವೆ, ಅದೂ ವಾರದ ನಡುವೆ. ‘ವಾರದ ದಿನ ಖಾಲಿ ಇರುತ್ತದೆ’ ಎಂಬ ಲೆಕ್ಕ ಆ ಎರಡು ತಿಂಗಳು ತಪ್ಪುತ್ತದೆ.

ಉಳಿಯುವುದು ಜೂನ್ ಮಧ್ಯದಿಂದ ಜುಲೈ, ಮತ್ತೆ ಫೆಬ್ರವರಿ. ಅದರಲ್ಲೂ ಮಂಗಳವಾರ, ಬುಧವಾರ, ಗುರುವಾರ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪುತ್ತದೆ ನಿಜ. ಆದರೆ ಹನ್ನೆರಡು ತಾಸು ಪ್ರಯಾಣ ಮಾಡಿ ಹೋಗುವವರು ಪಾಳಿಯಲ್ಲಿ ನಿಂತು ಬರುವುದಕ್ಕಿಂತ ಅದೇ ಲೇಸು. ಕಾರವಾರದ ಧೋ ಧೋ ಮಳೆ ನೋಡಿ ಜೂನ್ ಬೇಡ ಎನ್ನಬೇಡಿ. ಬೆಂಗಳೂರಿನ ಕಡೆ ಆಗ ಬರುವುದು ಹೆಚ್ಚಾಗಿ ತುಂತುರು. ಅಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆಗಾಲದಲ್ಲಿ ತೊಂದರೆ ಕೊಡುವುದು ದಾರಿ. ಕಾರವಾರದಿಂದ ಬೆಂಗಳೂರಿಗೆ ಹೋಗುವ ಪಂಚಗಂಗಾ ರೈಲು ಸುಬ್ರಹ್ಮಣ್ಯ–ಸಕಲೇಶಪುರ ಘಟ್ಟ ಹತ್ತಿ ಹೋಗಬೇಕು, ಗುಡ್ಡ ಕುಸಿದರೆ ನಿಲ್ಲುತ್ತದೆ. ಹಾಗಾಗಿ ಬೆಂಗಳೂರು ತಲುಪಿದ ದಿನ ವಿಶ್ರಾಂತಿ, ಮರುದಿನ ಪಾರ್ಕು ಎಂದು ಇಟ್ಟುಕೊಳ್ಳಿ. ರಾತ್ರಿಯಿಡೀ ನಿದ್ದೆಗೆಟ್ಟ ಮಕ್ಕಳಿಗೆ ತಿರುಗುವ ರೈಡಿನಲ್ಲಿ ವಾಂತಿ ಬರುವುದೂ ಬೇಗ.

ಪ್ರಶ್ನೆ: ಪಾಳಿ ನೋಡಿದ ಕೂಡಲೇ ಎಷ್ಟು ಹೊತ್ತು ಆಗಬಹುದೆಂದು ಅಂದಾಜು ಮಾಡುವುದು ಹೇಗೆ? ಯಾವ ರೈಡಿಗೆ ಮೊದಲು ಹೋಗಬೇಕು?
– ಓದುಗರು, ಅಂಕೋಲಾ

ಉತ್ತರ: ಪಾಳಿಯ ಉದ್ದ ನೋಡಿ ಹೆದರಬೇಡಿ, ಅದು ಕರಗುವ ವೇಗ ನೋಡಿ. ಎರಡು ಅಂಕಿ ಸಾಕು: ಒಂದು ಸರದಿಗೆ ಎಷ್ಟು ಜನ ಕೂರುತ್ತಾರೆ, ಒಂದು ಸರದಿ ಹೊರಟಾಗಿನಿಂದ ಮುಂದಿನದು ಹೊರಡುವವರೆಗೆ ಎಷ್ಟು ನಿಮಿಷ. ರೈಡು ಓಡುವ ಹೊತ್ತನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಹೆಚ್ಚು ಸಮಯ ತಿನ್ನುವುದು ಇಳಿಸಿ, ಹತ್ತಿಸಿ, ಪ್ರತಿಯೊಬ್ಬರ ಬೆಲ್ಟು ಎಳೆದು ನೋಡುವ ಕೆಲಸ. ಅದನ್ನು ಅವಸರ ಮಾಡಲೂಬಾರದು.

ಉದಾಹರಣೆಗೆ 24 ಸೀಟು, ಓಟ ಒಂದೂವರೆ ನಿಮಿಷ, ಹತ್ತಿಳಿಯಲು ಎರಡೂವರೆ ನಿಮಿಷ ಎಂದುಕೊಳ್ಳಿ. ನಾಲ್ಕು ನಿಮಿಷಕ್ಕೆ ಒಂದು ಸರದಿ, ತಾಸಿಗೆ 15 ಸರದಿ, 360 ಜನ. ನಿಮ್ಮ ಮುಂದೆ 180 ಜನ ಇದ್ದರೆ ಅರ್ಧ ತಾಸು. ತಲೆ ಎಣಿಸಲು ಕಷ್ಟವಾದರೆ ಕಂಬಿಯ ಒಂದು ಸಾಲಿನಲ್ಲಿರುವವರನ್ನು ಎಣಿಸಿ, ಅಂಥ ಸಾಲು ಎಷ್ಟಿವೆ ನೋಡಿ ಗುಣಿಸಿ. ಮೆಟ್ಟಿಲ ತಿರುವಿನ ಆಚೆ ಕಾಣದಷ್ಟು ಜನ ಇರಬಹುದು. ಆಗಷ್ಟೇ ಇಳಿದು ಬಂದವರನ್ನು ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ.

ಇದರಿಂದಲೇ ಮೊದಲು ಎಲ್ಲಿಗೆ ಎಂಬುದೂ ತಿಳಿಯುತ್ತದೆ. ತಾಸಿಗೆ ಕಡಿಮೆ ಜನರನ್ನು ಒಯ್ಯುವ, ಆದರೆ ಎಲ್ಲರಿಗೂ ಬೇಕಾದ ರೈಡು ಮೊದಲು. ವಂಡರ್‌ಲಾದ ರಿಕಾಯಿಲ್‌ನಂಥ ರೋಲರ್ ಕೋಸ್ಟರಿನಲ್ಲಿ ಗಾಡಿ ಮುಂದೆ ಹೋಗಿ ಅದೇ ಹಳಿಯಲ್ಲಿ ಹಿಂದಕ್ಕೆ ಬರುತ್ತದೆ. ಎರಡನೇ ಗಾಡಿ ಬಿಡಲು ಸಾಧ್ಯವಿಲ್ಲ, ಗರ್ದಿ ಎಷ್ಟೇ ಇರಲಿ. ಗೇಟು ತೆರೆದ ಮೊದಲ ಮುಕ್ಕಾಲು ತಾಸನ್ನು ಅದಕ್ಕೂ ಅಂಥ ಇನ್ನೊಂದಕ್ಕೂ ಕೊಡಿ. ಬಾಗಿಲ ಬಳಿ ಮೊದಲು ಕಣ್ಣಿಗೆ ಬೀಳುವ ರೈಡಿಗೆ ಎಲ್ಲರೂ ನಿಲ್ಲುತ್ತಾರೆ, ನೀವು ದಾಟಿ ಹೋಗಿ. ನೀರಿನ ವಿಭಾಗ ಮಧ್ಯಾಹ್ನದ ಹೊತ್ತಿಗೆ ತೆರೆದಾಗ ಜನ ಅತ್ತ ನುಗ್ಗುತ್ತಾರೆ. ಆ ಒಂದು ತಾಸು ಒಣ ರೈಡುಗಳ ಪಾಳಿ ಇಳಿಯುತ್ತದೆ. ಅಲೆಕೊಳದಲ್ಲಿ ಅಲೆ ಬಿಟ್ಟಾಗ ಜಾರುಬಂಡೆಗಳ ಮೆಟ್ಟಿಲು ಸಡಿಲಾಗುತ್ತದೆ. ಅಲೆಯಂತೂ ನಿಮಗೆ ಮನೆಯ ಹತ್ತಿರವೇ ಇದೆಯಲ್ಲ!

ಊಟಕ್ಕೆ ಒಂದು ಗಂಟೆಗೆ ಹೋಗಬೇಡಿ. ಹನ್ನೆರಡಕ್ಕೆ ಅಥವಾ ಎರಡೂವರೆಗೆ ಹೋಗಿ.

ಪ್ರಶ್ನೆ: ಪಾಳಿ ತಪ್ಪಿಸುವ ‘ಫಾಸ್ಟ್‌ಟ್ರ್ಯಾಕ್’ ಟಿಕೆಟು ತೆಗೆದುಕೊಳ್ಳಬೇಕೇ? ನಾವು ನಾಲ್ವರು.
– ಓದುಗರು, ಕುಮಟಾ

ಉತ್ತರ: ಜೂನ್‌ನ ಬುಧವಾರಕ್ಕೆ ಬೇಡ, ದುಡ್ಡು ದಂಡ. ರಜೆಯ ಭಾನುವಾರವೇ ಹೋಗಬೇಕಾಗಿ ಬಂದರೆ, ಸಂಜೆಯೇ ಬಸ್ಸು ಹಿಡಿಯುವುದಿದ್ದರೆ, ಯೋಚಿಸಿ. ಅದು ರೈಡಿನ ವೇಗ ಹೆಚ್ಚಿಸುವುದಿಲ್ಲ, ಸೀಟು ಹಂಚುತ್ತದೆ ಅಷ್ಟೆ. ಮೇಲಿನ ಉದಾಹರಣೆಯಲ್ಲಿ ಕಾಲುಭಾಗ ಸೀಟು ಆ ಟಿಕೆಟಿನವರಿಗೆ ಹೋದರೆ ಸಾಮಾನ್ಯ ಪಾಳಿಗೆ ತಾಸಿಗೆ 270 ಸೀಟು ಉಳಿಯುತ್ತದೆ, 30 ನಿಮಿಷದ ಕಾಯುವಿಕೆ 40 ಆಗುತ್ತದೆ. ಕೊಳ್ಳುವ ಮುನ್ನ ಮಕ್ಕಳ ಎತ್ತರ ಚಪ್ಪಲಿ ಬಿಚ್ಚಿಸಿ ಅಳೆಯಿರಿ. ದೊಡ್ಡ ರೈಡುಗಳಿಗೆ ಎತ್ತರ ಸಾಲದ ಮಗುವಿಗೆ ಆ ಟಿಕೆಟಿನಿಂದ ಪ್ರಯೋಜನವಿಲ್ಲ.

ಪ್ರಶ್ನೆ: ಡಿಸೆಂಬರ್‌ನಲ್ಲಿ 120 ಮಕ್ಕಳನ್ನು ಶಾಲೆಯಿಂದ ಕರೆದೊಯ್ಯುತ್ತಿದ್ದೇವೆ. ಎಲ್ಲರಿಗೂ ಎಲ್ಲ ರೈಡು ಸಿಗುವಂತೆ ಮಾಡಲು ಏನು ಉಪಾಯ?
– ಶಿಕ್ಷಕರು, ಹೊನ್ನಾವರ

ಉತ್ತರ: ಎಲ್ಲ ರೈಡು ಎಂಬ ಆಸೆ ಬಿಡಿ, ಸರ್. ಎಂಟೋ ಹತ್ತೋ ಆರಿಸಿ. 24 ಸೀಟಿನ ರೈಡಿಗೆ 120 ಮಕ್ಕಳು ಒಟ್ಟಿಗೆ ನಿಂತರೆ ನಿಮ್ಮವರೇ ಐದು ಸರದಿ. ಕೊನೆಯ ಗುಂಪು ಹತ್ತುವ ಹೊತ್ತಿಗೆ ಇಳಿದವರು ಚದುರಿ ಹೋಗಿರುತ್ತಾರೆ. ಹನ್ನೆರಡು ಮಕ್ಕಳಿಗೆ ಒಬ್ಬ ಶಿಕ್ಷಕರಂತೆ ಹತ್ತು ಗುಂಪು ಮಾಡಿ. ಐದು ಗುಂಪು ಎಡದಿಂದ, ಐದು ಬಲದಿಂದ ಸುತ್ತಲಿ. ಗುಂಪು ಮಾಡುವಾಗ ತರಗತಿ ನೋಡಬೇಡಿ, ಎತ್ತರ ನೋಡಿ. ಒಂದು ಮಗು ಅಳತೆ ಕೋಲಿನ ಹತ್ತಿರ ಹಿಂದೆ ಉಳಿದರೆ ಶಿಕ್ಷಕರೂ ಉಳಿಯಬೇಕಾಗುತ್ತದೆ.

ಪ್ರಶ್ನೆ: ನೀರಿನ ಆಟಕ್ಕೆ ಮನೆಯ ಹಳೆ ಚೂಡಿದಾರ, ಚಡ್ಡಿ ಸಾಲದೇ?
– ಓದುಗರು, ಮುರ್ಡೇಶ್ವರ

ಉತ್ತರ: ಸಮುದ್ರಕ್ಕೆ ಸಾಕು, ಅಲ್ಲಿಗೆ ಸಾಲದು. ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಜಾರುಬಂಡೆಯಲ್ಲಿ ಅಂಟಿ ನಡುವೆ ನಿಲ್ಲಿಸುತ್ತದೆ, ಎಳೆಗಳು ಬಿಟ್ಟು ನೀರಿನ ಫಿಲ್ಟರಿಗೆ ಸೇರುತ್ತವೆ. ನೈಲಾನ್ ಅಥವಾ ಲೈಕ್ರಾ ಬೇಕು. ದುಪಟ್ಟಾ, ಲೋಹದ ಜಿಪ್ಪು, ಗುಂಡಿ ಬೇಡ. ಊರಿನಲ್ಲೇ ಕೊಂಡು ಒಯ್ದರೆ ಅಲ್ಲಿಯ ಬಟ್ಟೆ ಅಂಗಡಿಯ ಪಾಳಿಯೂ ಉಳಿಯಿತು.

ಪ್ರಶ್ನೆ: ಮಾರಿಕಾಂಬಾ ಜಾತ್ರೆಯ ಜಾಯಿಂಟ್ ವೀಲಿಗೆ ಪಾಳಿ ಸಣ್ಣದಿದ್ದರೂ ಬಹಳ ಹೊತ್ತು ಕಾಯಬೇಕಾಗುತ್ತದೆ. ಹಿಂದೆ ಬಂದವರನ್ನು ಮೊದಲು ಹತ್ತಿಸುವುದೂ ಉಂಟು. ಯಾಕೆ?
– ಓದುಗರು, ಶಿರಸಿ

ಉತ್ತರ: ಕೊಲಂಬಸ್ ದೋಣಿಗೆ ಎಲ್ಲರೂ ಒಮ್ಮೆಲೇ ಹತ್ತುತ್ತಾರೆ. ಚಕ್ರಕ್ಕೆ ಹಾಗಲ್ಲ, ಒಂದೊಂದು ತೊಟ್ಟಿಲು ಕೆಳಗೆ ಬಂದು ನಿಲ್ಲಬೇಕು. 16 ತೊಟ್ಟಿಲು, ಒಂದೊಂದಕ್ಕೆ ಅರ್ಧ ನಿಮಿಷ ಎಂದರೂ ಹತ್ತಿಳಿಸಲು ಎಂಟು ನಿಮಿಷ. ನಾಲ್ಕು ನಿಮಿಷ ತಿರುಗಿಸಿದರೆ ಒಂದು ಸರದಿಗೆ 12 ನಿಮಿಷ. ನಾಲ್ವರ ತೊಟ್ಟಿಲಲ್ಲಿ ಮೂವರೇ ಕೂತರೆ ತಾಸಿಗೆ 240 ಜನ, ಮುಂದೆ 80 ಜನ ಇದ್ದರೆ 20 ನಿಮಿಷ. 40 ಜನ ಕೂರುವ ದೋಣಿ ಐದು ನಿಮಿಷಕ್ಕೊಂದು ಸರದಿ ಮುಗಿಸಿದರೆ ಅಷ್ಟೇ ಪಾಳಿ 10 ನಿಮಿಷದಲ್ಲಿ ಕರಗುತ್ತದೆ.

ಸರದಿ ತಪ್ಪಿಸಿದಂತೆ ಕಾಣುವುದು ತೂಕದ ಕಾರಣಕ್ಕೆ. ಒಂದೇ ಬದಿಯ ತೊಟ್ಟಿಲು ತುಂಬುತ್ತ ಹೋದರೆ ಚಕ್ರ ವಾಲುತ್ತದೆ, ಮೋಟರಿಗೂ ಬ್ರೇಕಿಗೂ ಭಾರ ಬೀಳುತ್ತದೆ. ಅದಕ್ಕೇ ಒಂದು ತುಂಬಿಸಿದ ಮೇಲೆ ಅದರ ಎದುರಿನದನ್ನು ತುಂಬಿಸುತ್ತಾರೆ, ಸಣ್ಣ ಮಕ್ಕಳ ಕುಟುಂಬದ ಎದುರು ಹಗುರದವರನ್ನೇ ಹುಡುಕುತ್ತಾರೆ. ಚಕ್ರ ನಡೆಸುವವರೊಡನೆ ಆಗ ಜಗಳ ಕಾಯಬೇಡಿ. ಜಾತ್ರೆ ನಡೆಯುವ ಬಿಡಕಿಬೈಲಿನಲ್ಲಿ ದೇವಿಯ ದರ್ಶನಕ್ಕೆ ಬಂದ ಊರವರೆಲ್ಲ ಕತ್ತಲಾದ ಮೇಲೆ ಆಟಗಳ ಕಡೆ ಹೊರಳುತ್ತಾರೆ. ನೀವು ಶಿರಸಿಯಲ್ಲೇ ಇರುವವರು, ವಾರದ ನಡುವೆ ಸಂಜೆ ನಾಲ್ಕಕ್ಕೇ ಮಕ್ಕಳನ್ನು ಕರೆದುಕೊಂಡು ಹೋಗಿ. ದೀಪದ ಬೆಳಕಿನಲ್ಲೇ ಬೇಕೆಂದು ಹಟ ಹಿಡಿದರೆ ಚಕ್ರವೊಂದನ್ನು ರಾತ್ರಿಗೆ ಉಳಿಸಿಕೊಳ್ಳಿ.