ಚುಕ್ಕಿ ಲಿಟರ್ ಟ್ರೇ ಬಿಟ್ಟು ಹಾಸಿಗೆಗೆ ಯಾಕೆ ಹೋಗುತ್ತಾಳೆ?

ಪ್ರಶ್ನೆ: ನಮ್ಮಲ್ಲಿ ಮೂರು ಬೆಕ್ಕುಗಳಿವೆ. ಐದು ವರ್ಷದ ಗಂಡು ರಾಜ, ನಾಲ್ಕು ವರ್ಷದ ಬೆಳ್ಳಿ, ಒಂದು ವರ್ಷದ ಹಿಂದೆ ಬಂದ ಚುಕ್ಕಿ. ಮೂವರಿಗೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಚುಕ್ಕಿ ಮಹಾ ಪುಕ್ಕಲು, ಹಗಲೆಲ್ಲ ಮಂಚದ ಕೆಳಗೇ ಇರುತ್ತಾಳೆ. ಎರಡು ತಿಂಗಳಿಂದ ಹಾಸಿಗೆಯ ಮೇಲೆ, ಒಗೆದಿಟ್ಟ ಬಟ್ಟೆಯ ಮೇಲೆ ಉಚ್ಚೆ ಮಾಡುತ್ತಿದ್ದಾಳೆ. ಬೆಕ್ಕುಗಳ ಮಲಮೂತ್ರಕ್ಕೆಂದು ಮರಳು ತುಂಬಿದ ಎರಡು ಲಿಟರ್ ಟ್ರೇಗಳನ್ನು ಬಚ್ಚಲುಮನೆಯಲ್ಲಿ ಅಕ್ಕಪಕ್ಕ ಇಟ್ಟಿದ್ದೇವೆ. ಮುಚ್ಚಳವಿರುವ ಟ್ರೇ ತಂದೆವು, ಪರಿಮಳದ ಮರಳು ಹಾಕಿದೆವು, ಗದರಿಸಿಯೂ ನೋಡಿದೆವು. ಬೆಕ್ಕುಗಳು ಜಗಳ ಆಡಿದ್ದನ್ನು ಕಂಡಿಲ್ಲ. ಮುಂದೇನು ಮಾಡುವುದು?

ಉತ್ತರ: ಟ್ರೇಯ ವಿಷಯಕ್ಕೆ ಕೈ ಹಾಕುವ ಮುಂಚೆ ಚುಕ್ಕಿಯನ್ನು ಪಶುವೈದ್ಯರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ. ಎರಡು ತಿಂಗಳು ಕಡಿಮೆ ಅವಧಿಯಲ್ಲ. ಸದಾ ಹೆದರಿಕೊಂಡೇ ಇರುವ ಬೆಕ್ಕಿಗೆ ಯಾವ ಸೋಂಕೂ ಇಲ್ಲದೆ ಮೂತ್ರಕೋಶದ ಉರಿಯೂತ ಬರುತ್ತದೆ. ಇಡಿಯೋಪಥಿಕ್ ಸಿಸ್ಟೈಟಿಸ್ ಎಂದು ಇದರ ಹೆಸರು. ಹತ್ತು ವರ್ಷದೊಳಗಿನ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿಗಿಂತ ಇದೇ ಹೆಚ್ಚು, ಹಾಗಾಗಿ ಪರೀಕ್ಷೆ ಮಾಡಿಸದೆ ಆ್ಯಂಟಿಬಯೋಟಿಕ್ ಕೊಟ್ಟರೆ ಸಾಮಾನ್ಯವಾಗಿ ಉಪಯೋಗವಿಲ್ಲ. ಉಚ್ಚೆ ಮಾಡುವಾಗ ಉರಿದರೆ ಬೆಕ್ಕು ತಪ್ಪನ್ನು ಕೂತ ಜಾಗದ ಮೇಲೆ ಹಾಕುತ್ತದೆ. ಟ್ರೇಯಲ್ಲಿ ನೋವಾಯಿತು, ಇನ್ನು ಮೆತ್ತಗಿನ ಕಡೆ ಹೋಗೋಣ ಎಂದು ಹಾಸಿಗೆ ಹುಡುಕುತ್ತದೆ. ಮೂತ್ರದ ಹರಳು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಕೀಲುನೋವು ಕೂಡ ಇದೇ ರೀತಿ ಕಾಣಿಸಿಕೊಳ್ಳಬಹುದು. ಚುಕ್ಕಿ ಟ್ರೇಗೆ ಬರುತ್ತಲೇ ಇಲ್ಲವಾದರೆ ನೀವೇ ಮೂತ್ರ ಹಿಡಿಯುವ ಗೋಜಿಗೆ ಹೋಗಬೇಡಿ. ವೈದ್ಯರು ತೆಳು ಸೂಜಿಯಿಂದ ಮೂತ್ರಕೋಶದಿಂದಲೇ ತೆಗೆಯುತ್ತಾರೆ, ಫಲಿತಾಂಶಕ್ಕೂ ಅದೇ ಒಳ್ಳೆಯದು.

ರಾಜನ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಗಂಡು ಬೆಕ್ಕಿನ ಮೂತ್ರನಾಳ ತೀರಾ ಕಿರಿದು. ಅವನು ಪದೇಪದೇ ಟ್ರೇಗೆ ಹೋಗಿ ತಿಣುಕಿದರೂ ಹನಿ ಬರದಿದ್ದರೆ, ಕೂಗುತ್ತಿದ್ದರೆ, ವಾಂತಿ ಮಾಡಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರ ಕಟ್ಟಿದ ಬೆಕ್ಕು ಒಂದೆರಡು ದಿನದಲ್ಲಿ ಸಾಯಬಹುದು. ಮಲ ಕಟ್ಟಿರಬೇಕು ಎಂದುಕೊಂಡು ಸಮಯ ಕಳೆಯುವವರೇ ಹೆಚ್ಚು.

ಮಾಡುತ್ತಿರುವುದು ಚುಕ್ಕಿಯೇ ಎಂದು ಕಣ್ಣಾರೆ ಕಂಡಿದ್ದೀರಾ? ಪುಕ್ಕಲು ಬೆಕ್ಕಿನ ಮೇಲೆ ಅನುಮಾನ ಬೇಗ ಬೀಳುತ್ತದೆ. ಖಾತ್ರಿಯಿಲ್ಲದಿದ್ದರೆ ವೈದ್ಯರನ್ನು ಕೇಳಿ. ಫ್ಲೋರೆಸೀನ್ ಎಂಬ ಬಣ್ಣವನ್ನು ಒಂದು ಬೆಕ್ಕಿಗೆ ಮಾತ್ರ ಕೊಟ್ಟರೆ, ಮರುದಿನದವರೆಗೆ ಅದರ ಮೂತ್ರ ಅಲ್ಟ್ರಾವಯಲೆಟ್ ಟಾರ್ಚಿನಲ್ಲಿ ಹಸಿರು ಹಳದಿಯಾಗಿ ಹೊಳೆಯುತ್ತದೆ. ಕಲೆಯ ಆಕಾರವನ್ನೂ ಗಮನಿಸಿ. ನೆಲದಲ್ಲಿ ಅಥವಾ ಬಟ್ಟೆಯ ಮೇಲೆ ದೊಡ್ಡ ಮಡುವಿದ್ದರೆ ಅದು ಕೂತು ಮಾಡಿದ್ದು. ಗೋಡೆಯ ಮೇಲೆ ಬಾಲ ನಡುಗಿಸುತ್ತ ನಿಂತು ಸ್ವಲ್ಪ ಸಿಂಪಡಿಸಿದ್ದರೆ ಅದು ಗುರುತು ಹಾಕುವ ಕೆಲಸ, ಅದರ ಪರಿಹಾರದ ದಾರಿ ಬೇರೆ. ನೀವು ಹೇಳುವ ಹಾಸಿಗೆ ಮತ್ತು ಬಟ್ಟೆ ರಾಶಿ ಮೊದಲನೆಯದನ್ನೇ ಸೂಚಿಸುತ್ತವೆ.

ಈಗ ಮುಖ್ಯ ವಿಷಯ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು 'ಜಗಳ ಕಂಡಿಲ್ಲ' ಎಂಬ ಮಾತು. ಬೆಕ್ಕುಗಳ ನಡುವಿನ ದಬ್ಬಾಳಿಕೆಗೆ ಸದ್ದಿಲ್ಲ. ಬಹುಶಃ ನಡೆಯುತ್ತಿರುವುದು ಹೀಗೆ: ರಾಜ ಬಚ್ಚಲುಮನೆಯ ಹೊಸ್ತಿಲ ಬಳಿ ಉದ್ದಕ್ಕೆ ಚಾಚಿಕೊಂಡು ಮಲಗಿರುತ್ತಾನೆ, ಹಾಯಾಗಿ ನಿದ್ದೆ ಮಾಡುತ್ತಿದ್ದಾನೆ ಎಂದು ನೀವು ದಾಟಿ ಹೋಗುತ್ತೀರಿ. ಚುಕ್ಕಿ ಮಂಚದ ಕೆಳಗಿನಿಂದ ಮೈ ತಗ್ಗಿಸಿ ಬಂದು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾಳೆ. ರಾಜ ತಲೆ ಎತ್ತುವುದಿಲ್ಲ, ಕಣ್ಣು ಮಾತ್ರ ತೆರೆದು ನೆಟ್ಟಗೆ ನೋಡುತ್ತಾನೆ, ಬಾಲದ ತುದಿ ಒಮ್ಮೆ ಮಿಡಿಯುತ್ತದೆ. ಚುಕ್ಕಿ ಕೂತು ಸುಮ್ಮನೆ ಕಾಲು ನೆಕ್ಕಿಕೊಳ್ಳುತ್ತಾಳೆ, ಆಮೇಲೆ ತಿರುಗಿ ಹೋಗುತ್ತಾಳೆ. ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿಯಿತು. ಒಂದು ಗುರ್ರ್ ಇಲ್ಲ, ಒಂದು ಉಗುರು ಹೊರಬರಲಿಲ್ಲ. ಅರ್ಧ ದಿನ ತಡೆದುಕೊಂಡ ಮೇಲೆ ಅವಳಿಗೆ ಸಿಕ್ಕುವುದು ಹಾಸಿಗೆ: ಎತ್ತರದಲ್ಲಿದೆ, ಮೆತ್ತಗಿದೆ, ನಿಮ್ಮ ವಾಸನೆ ಇದೆ, ನಾಲ್ಕೂ ಕಡೆ ನೋಡಬಹುದು. ಹಳೆಯ ಫೋನನ್ನು ನೆಲದ ಮಟ್ಟದಲ್ಲಿಟ್ಟು ಎರಡು ರಾತ್ರಿ ಬಚ್ಚಲಿನ ದಾರಿಯನ್ನು ರೆಕಾರ್ಡ್ ಮಾಡಿ ನೋಡಿ. ಅಡ್ಡ ನಿಲ್ಲುವುದು ರಾಜನೋ ಬೆಳ್ಳಿಯೋ ಎಂಬುದು ತಿಳಿದರೆ ಟ್ರೇ ಎಲ್ಲಿಡಬೇಕು ಎಂಬುದೂ ತಿಳಿಯುತ್ತದೆ. ಚುಕ್ಕಿಗೆ ಟ್ರೇ ಬೇಡವಾಗಿಲ್ಲ, ಅಲ್ಲಿಗೆ ಹೋಗುವ ದಾರಿ ಅವಳ ಕೈಯಲ್ಲಿಲ್ಲ.

ಹಾಗಾಗಿ ಟ್ರೇಗಳ ಲೆಕ್ಕವನ್ನೂ ದಾರಿಯಿಂದಲೇ ಮಾಡಬೇಕು. ಬೆಕ್ಕುಗಳ ಸಂಖ್ಯೆಗೆ ಒಂದು ಸೇರಿಸಿ ಎಂಬುದು ರೂಢಿಯ ಲೆಕ್ಕ, ನಿಮಗೆ ನಾಲ್ಕು. ಆದರೆ ಅಕ್ಕಪಕ್ಕದ ಎರಡು ಟ್ರೇ ಬೆಕ್ಕಿನ ಕಣ್ಣಿಗೆ ಒಂದೇ ಟ್ರೇ, ಏಕೆಂದರೆ ಒಂದು ಬೆಕ್ಕು ಒಂದೇ ಕಡೆ ಕೂತು ಎರಡನ್ನೂ ಕಾಯಬಹುದು. ಅಂದರೆ ನಿಮ್ಮ ಮನೆಯಲ್ಲಿ ಇಂದು ಮೂರು ಬೆಕ್ಕಿಗೆ ಇರುವುದು ಒಂದು ಟ್ರೇ. ಹೊಸದರಲ್ಲಿ ಒಂದನ್ನು ಚುಕ್ಕಿ ಅಡಗುವ ಕೋಣೆಯಲ್ಲೇ, ಮಂಚದಿಂದ ಒಂದೆರಡು ಮೀಟರ್ ದೂರದಲ್ಲಿ ಇಡಿ. ಮಂಚದ ಕೆಳಗೆ ತಳ್ಳಬೇಡಿ, ಅಲ್ಲಿ ತಲೆ ಎತ್ತಿ ಕೂರಲಾಗುವುದಿಲ್ಲ, ಓಡಲು ಜಾಗವೂ ಇರುವುದಿಲ್ಲ. ಟ್ರೇಯಲ್ಲಿ ಕೂತವಳಿಗೆ ಕೋಣೆಯ ಬಾಗಿಲು ಕಾಣಬೇಕು, ಬಾಗಿಲಿಂದ ಯಾರಾದರೂ ಬಂದರೆ ಇನ್ನೊಂದು ಕಡೆ ಜಾರಿಕೊಳ್ಳಲು ಆಗಬೇಕು. ಇನ್ನೊಂದು ಟ್ರೇ ಹಜಾರದ ಆಚೆ ತುದಿಗೆ, ಮತ್ತೊಂದು ಬೇರೆ ಕೋಣೆಗೆ. ಮಹಡಿ ಇದ್ದರೆ ಪ್ರತಿ ಮಹಡಿಗೂ ಒಂದಿರಲಿ. ಊಟ ಮತ್ತು ನೀರಿನ ಪಕ್ಕ ಬೇಡ, ಇದ್ದಕ್ಕಿದ್ದಂತೆ ಗಡಗಡಿಸುವ ವಾಷಿಂಗ್ ಮೆಷೀನ್ ಹತ್ತಿರವೂ ಬೇಡ. ಬಚ್ಚಲಲ್ಲಿರುವ ಟ್ರೇ ಹಾಗೇ ಇರಲಿ, ಆದರೆ ಅದರ ಬಾಗಿಲು ಸದಾ ತೆರೆದಿರಬೇಕು, ನೆಲ ಒದ್ದೆ ಇರಬಾರದು.

ಮುಚ್ಚಳದ ಟ್ರೇ ಎಲ್ಲ ಬೆಕ್ಕಿಗೂ ಕೆಟ್ಟದ್ದಲ್ಲ, ಕೆಲವಕ್ಕೆ ಯಾವುದಾದರೂ ಆದೀತು. ಆದರೆ ಕಾಟ ತಿನ್ನುವ ಬೆಕ್ಕಿಗೆ ಒಂದೇ ಬಾಗಿಲಿನ ಗೂಡು ಬೋನಿದ್ದಂತೆ. ಒಳಗಿನಿಂದ ಹೊರಗೆ ಯಾರಿದ್ದಾರೆ ಕಾಣುವುದಿಲ್ಲ, ಹೊರಗಿನವನಿಗೆ ಎಲ್ಲಿ ಕಾಯಬೇಕೆಂದು ಚೆನ್ನಾಗಿ ಗೊತ್ತು. ಮೇಲಿನಿಂದ ಇಳಿಯುವ ಟ್ರೇಯೂ ಅಷ್ಟೇ. ಚುಕ್ಕಿಗೆ ನೀವೇ ಒಂದನ್ನು ಮಾಡಿಕೊಡಿ. ಬಟ್ಟೆ ತುಂಬಿಡುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಸಾಕು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಬೆಕ್ಕನ್ನು ಅಳೆದು ಅದರ ಒಂದೂವರೆ ಪಟ್ಟು ಉದ್ದ ಇರಬೇಕು, ಹೆಚ್ಚಿನ ಬೆಕ್ಕುಗಳಿಗೆ ಅದು 65ರಿಂದ 75 ಸೆಂಟಿಮೀಟರ್ ಆಗುತ್ತದೆ. ಅಗಲ 40ಕ್ಕಿಂತ ಕಡಿಮೆ ಬೇಡ, ಗೋಡೆಯ ಎತ್ತರ 25ರಿಂದ 30 ಇದ್ದರೆ ಮರಳು ಚೆಲ್ಲುವುದಿಲ್ಲ. ಎದುರುಬದುರಾದ ಎರಡು ಗೋಡೆಗಳಲ್ಲಿ 20 ಸೆಂಟಿಮೀಟರ್ ಅಗಲದ ಕಂಡಿ ಕತ್ತರಿಸಿ, ಕಂಡಿಯ ಕೆಳ ಅಂಚು ನೆಲದಿಂದ 10ರಿಂದ 12 ಸೆಂಟಿಮೀಟರ್ ಮೇಲಿರಲಿ. ಕತ್ತರಿಸಿದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಅಂಟುಪಟ್ಟಿ ಸುತ್ತಿ. ಟ್ರೇಯನ್ನು ಗೋಡೆಗೆ ಒತ್ತಿ ಇಟ್ಟು ಒಂದು ಕಂಡಿಯನ್ನು ಮುಚ್ಚಿಬಿಟ್ಟರೆ ಪಟ್ಟ ಶ್ರಮ ವ್ಯರ್ಥ.

ಮರಳು ನುಣ್ಣಗಿರಲಿ, ಒದ್ದೆಯಾದರೆ ಉಂಡೆ ಕಟ್ಟುವಂಥದ್ದಿರಲಿ, ಪರಿಮಳ ಇರಬಾರದು. ಪರಿಮಳ ಮನುಷ್ಯರಿಗಾಗಿ ಹಾಕಿದ್ದು, ಬೆಕ್ಕಿನ ಮೂಗಿಗೆ ಅದು ಕಿರುಕುಳ. ಆಳ 5ರಿಂದ 7 ಸೆಂಟಿಮೀಟರ್. ದಪ್ಪ ಗುಳಿಗೆಯಂಥ ಮರಳು ಪಾದಕ್ಕೆ ಚುಚ್ಚುತ್ತದೆ, ಹಾಸಿಗೆಯ ಮೆತ್ತಗೆ ಕಂಡವಳು ಅದರ ಮೇಲೆ ಕಾಲಿಡುವುದಿಲ್ಲ. ಅನುಮಾನವಿದ್ದರೆ ಒಂದೇ ಕೋಣೆಯಲ್ಲಿ ಎರಡು ಟ್ರೇಗೆ ಎರಡು ಬಗೆಯ ಮರಳು ಹಾಕಿ, ದಿನಕ್ಕೊಮ್ಮೆ ಜಾಗ ಅದಲುಬದಲು ಮಾಡಿ, ವಾರ ಬಿಟ್ಟು ಉಂಡೆ ಎಣಿಸಿ. ಬೆಕ್ಕೇ ಉತ್ತರ ಹೇಳುತ್ತದೆ.

ದಿನಕ್ಕೆ ಎರಡು ಸಲ ಉಂಡೆ ಎತ್ತಿ. ಎತ್ತುವಾಗ ಸ್ವಲ್ಪ ನೋಡಿಯೇ ಎತ್ತಿ. ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಸಲ ಉಚ್ಚೆ ಮಾಡುತ್ತದೆ. ಬಟಾಣಿಯಷ್ಟು ಸಣ್ಣ ಉಂಡೆಗಳು ಹತ್ತಾರು ಸಿಕ್ಕರೆ ಮೂತ್ರಕೋಶ ಉರಿಯುತ್ತಿದೆ ಎಂದರ್ಥ, ಉಂಡೆಗಳು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ಸಕ್ಕರೆ ಅಥವಾ ಮೂತ್ರಪಿಂಡದ ಪರೀಕ್ಷೆ ಬೇಕು. ಮೂರ್ನಾಲ್ಕು ವಾರಕ್ಕೊಮ್ಮೆ ಮರಳು ಪೂರ್ತಿ ಚೆಲ್ಲಿ, ಟ್ರೇಯನ್ನು ಬಿಸಿನೀರು ಮತ್ತು ವಾಸನೆಯಿಲ್ಲದ ಸೌಮ್ಯ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಫಿನಾಯಿಲ್ ದಯವಿಟ್ಟು ಹತ್ತಿರ ತರಬೇಡಿ. ಫೀನಾಲ್ ಅಂಶವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ, ಟ್ರೇಯಿಂದ ಇಳಿದು ಪಾದ ನೆಕ್ಕಿಕೊಂಡರೆ ಅದು ಹೊಟ್ಟೆಗೇ ಹೋಗುತ್ತದೆ. ಬ್ಲೀಚ್ ಕೂಡ ಬೇಡ, ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಹಾಸಿಗೆಯದ್ದು ಬೇರೆಯೇ ಕೆಲಸ. ಮೂತ್ರದ ಯೂರಿಕ್ ಆಮ್ಲ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಅದಕ್ಕೇ ಒಗೆದ ಹಾಸಿಗೆಯಲ್ಲೂ ತೇವದ ದಿನ ವಾಸನೆ ಮರಳಿ ಬರುತ್ತದೆ. ನಮಗೆ ಬಾರದ ವಾಸನೆಯೂ ಚುಕ್ಕಿಗೆ ಬರುತ್ತದೆ, ಇದೇ ಜಾಗ ಎಂದು ಕರೆಯುತ್ತದೆ. ಒದ್ದೆಯನ್ನು ಬಟ್ಟೆಯಿಂದ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಎಂಜೈಮ್ ಇರುವ ಕ್ಲೀನರನ್ನು ಮೂತ್ರ ಎಷ್ಟು ಆಳ ಇಳಿದಿದೆಯೋ ಅಷ್ಟು ಆಳಕ್ಕೆ ಇಳಿಯುವಷ್ಟು ಸುರಿದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಗಾಳಿಗೆ ಒಣಗಿಸಿ. ಮೇಲಷ್ಟೇ ಸಿಂಪಡಿಸುವುದರಿಂದಲೇ ಹೆಚ್ಚಿನವರಿಗೆ ಇದು ಫಲ ಕೊಡುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಉಚ್ಚೆಯಂತೆಯೇ ವಾಸನೆ ಬರುತ್ತದೆ, ಅದನ್ನು ಬಿಡಿ. ಹಾಸಿಗೆಯ ಮೇಲೆ ಒಂದೆರಡು ತಿಂಗಳು ನೀರು ಇಳಿಯದ ಹೊದಿಕೆ ಹಾಸಿ, ಬಟ್ಟೆ ರಾಶಿ ಹಾಕಬೇಡಿ. ಕೋಣೆಯ ಬಾಗಿಲು ಮಾತ್ರ ಮುಚ್ಚಬೇಡಿ, ಚುಕ್ಕಿಗಿರುವ ಒಂದೇ ಆಸರೆ ಅದು.

ಗದರಿಸುವುದನ್ನು ಇಂದೇ ನಿಲ್ಲಿಸಿ. ಹಾಸಿಗೆಯಲ್ಲಿ ಮಾಡಿದ್ದಕ್ಕೆ ಬೈದರು ಎಂದು ಬೆಕ್ಕಿಗೆ ಅರ್ಥವಾಗುವುದಿಲ್ಲ. ರಾಜನ ಜೊತೆಗೆ ಈಗ ನಿಮ್ಮನ್ನು ಕಂಡರೂ ಹೆದರಬೇಕು ಎಂಬುದಷ್ಟೇ ಅರ್ಥವಾಗುತ್ತದೆ.

ರಾಜನಿಗೂ ಶಿಕ್ಷೆ ಬೇಡ, ಕೆಲಸ ಕೊಡಿ. ದಿನಕ್ಕೆ ಎರಡು ಸಲ, ಹತ್ತು ಹದಿನೈದು ನಿಮಿಷ, ಕೋಲಿಗೆ ಕಟ್ಟಿದ ಗರಿಯನ್ನು ಅಟ್ಟಿಸಿ ಆಡಿಸಿ, ಕೊನೆಗೆ ಊಟ ಕೊಡಿ. ಅವನು ನೆಟ್ಟ ನೋಟ ಹಾಕಿದ್ದು ಕಂಡರೆ ಕೂಗಬೇಡಿ, ರಟ್ಟಿನ ಹಾಳೆಯೊಂದನ್ನು ನಡುವೆ ಹಿಡಿದು ದೃಷ್ಟಿ ಕತ್ತರಿಸಿ. ಮೂರೂ ಊಟದ ತಟ್ಟೆಗಳು ಒಂದನ್ನೊಂದು ಕಾಣದ ಕಡೆ ಇರಲಿ. ಚುಕ್ಕಿಗೆ ನೆಲ ಮುಟ್ಟದೆ ಹೋಗಲು ಕಪಾಟು, ಮೇಜು, ಗೋಡೆಯ ಹಲಗೆ ಸೇರಿಸಿ ಒಂದು ಎತ್ತರದ ದಾರಿ ಮಾಡಿಕೊಟ್ಟರೆ ಅರ್ಧ ಭಯ ಇಳಿಯುತ್ತದೆ.

ಇಷ್ಟಾಗಿಯೂ ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಚುಕ್ಕಿಯನ್ನು ಅವಳ ಕೋಣೆಯಲ್ಲೇ ಎರಡು ಮೂರು ವಾರ ಬೇರೆ ಇರಿಸಿ. ಎರಡು ಟ್ರೇ, ದೂರದಲ್ಲಿ ಊಟ ಮತ್ತು ನೀರು, ಎರಡು ಬಾಯಿಯ ಅಡಗುದಾಣ, ದಿನಕ್ಕೆ ಕೆಲವು ಸಲ ನೀವು. ಇದು ಸೆರೆಯಲ್ಲ, ಅವಳಿಗೆ ರಜೆ. ಎರಡು ವಾರ ತಪ್ಪದೆ ಟ್ರೇ ಬಳಸಿದ ಮೇಲೆ ಮೆತ್ತನೆಯ ಬಟ್ಟೆಯಿಂದ ರಾಜನ ಕೆನ್ನೆ ಒರೆಸಿ ಆ ಬಟ್ಟೆಯನ್ನು ಚುಕ್ಕಿಯ ಕೋಣೆಯಲ್ಲಿಡಿ, ಅವಳ ಕೆನ್ನೆ ಒರೆಸಿದ ಬಟ್ಟೆಯನ್ನು ಹೊರಗಿಡಿ, ಒಬ್ಬರ ವಾಸನೆ ಇನ್ನೊಬ್ಬರಿಗೆ ಪರಿಚಯವಾಗಲಿ. ಆಮೇಲೆ ಮುಚ್ಚಿದ ಬಾಗಿಲಿನ ಎರಡೂ ಬದಿಗೆ ಊಟ, ಆಮೇಲೆ ಜಾಲರಿ ಅಡ್ಡವಿಟ್ಟು ಊಟ, ಕೊನೆಗೆ ಐದು ನಿಮಿಷದ ಭೇಟಿ. ಯಾವ ಹಂತದಲ್ಲಾದರೂ ಚುಕ್ಕಿ ಊಟ ಬಿಟ್ಟರೆ ಹಿಂದಿನ ಹಂತಕ್ಕೆ ಹೋಗಿ. ಎಡವುವುದು ಆತುರದಿಂದಲೇ. ಬೆಕ್ಕಿಗೆ ನೆಮ್ಮದಿ ಕೊಡುವ ವಾಸನೆ ಹರಡುವ ಫೆರೊಮೋನ್ ಡಿಫ್ಯೂಸರ್ ಹಚ್ಚಬಹುದು, ಆದರೆ ಟ್ರೇ ಹಂಚದೆ ಬರೀ ಅದನ್ನು ನಂಬಬೇಡಿ. ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರು ಫ್ಲುಯೊಕ್ಸೆಟಿನ್‌ನಂಥ ಆತಂಕ ತಗ್ಗಿಸುವ ಔಷಧ ಬರೆಯಬಹುದು, ಅದು ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಮನೆಯಲ್ಲಿರುವ ಮಾತ್ರೆ ಯಾವುದನ್ನೂ ಕೊಡಬೇಡಿ. ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಪ್ರಶ್ನೆ: ನಮ್ಮ ಬೆಕ್ಕು ಟ್ರೇಯಲ್ಲಿ ಉಚ್ಚೆ ಮಾಡುತ್ತದೆ, ಕಕ್ಕ ಮಾತ್ರ ಟ್ರೇ ಪಕ್ಕದ ನೆಲದಲ್ಲಿ. ಇದಕ್ಕೂ ಹೆದರಿಕೆ ಕಾರಣವೇ?

ಉತ್ತರ: ಹೆಚ್ಚಾಗಿ ಅಲ್ಲ. ಟ್ರೇ ಪಕ್ಕದವರೆಗೂ ಬಂದಿದೆ ಎಂದರೆ ದಾರಿ ಸರಿಯಿದೆ. ಮೊದಲು ಮಲವನ್ನು ನೋಡಿ. ಒಣಗಿ ಗಟ್ಟಿಯಾದ ಉಂಡೆಗಳಾಗಿದ್ದರೆ ಮಲಬದ್ಧತೆಯ ನೋವು ಬೆಕ್ಕನ್ನು ಟ್ರೇಯಿಂದ ಹೊರಗೆ ಓಡಿಸುತ್ತಿದೆ, ವೈದ್ಯರಿಗೆ ತೋರಿಸಿ. ಮಲ ಸರಿಯಿದ್ದರೆ ಟ್ರೇ ಅಳೆಯಿರಿ. ಉಚ್ಚೆ ಮಾಡಲು ಬೆಕ್ಕು ಒಂದೆಡೆ ಕೂರುತ್ತದೆ, ಮಲಕ್ಕೆ ಮಾತ್ರ ಸುತ್ತು ಹಾಕಿ, ಕೆರೆದು, ಒಂದೆರಡು ಹೆಜ್ಜೆ ಮುಂದೆ ಸರಿಯುತ್ತದೆ. ಚಿಕ್ಕ ಟ್ರೇಯಲ್ಲಿ ಆ ಹೆಜ್ಜೆ ಹೊರಗೆ ಬೀಳುತ್ತದೆ. ಒಂದು ಟ್ರೇಯಲ್ಲಿ ಉಚ್ಚೆ, ಇನ್ನೊಂದರಲ್ಲಿ ಕಕ್ಕ ಎಂದು ಹಂಚಿಕೊಳ್ಳುವ ಬೆಕ್ಕುಗಳೂ ಸಾಕಷ್ಟಿವೆ. ಈಗ ಮಾಡುತ್ತಿರುವ ಜಾಗದಲ್ಲೇ ಎರಡನೆಯ ದೊಡ್ಡ ಟ್ರೇ ಇಟ್ಟು, ಮೂರು ವಾರ ಅಲುಗಿಸದೆ ಬಿಡಿ. ಆಮೇಲೆ ಬೇಕಿದ್ದರೆ ದಿನಕ್ಕೆ ಒಂದು ಗೇಣಿಗಿಂತ ಕಡಿಮೆ ಸರಿಸುತ್ತ ನಿಮಗೆ ಅನುಕೂಲವಾದ ಮೂಲೆಗೆ ಒಯ್ಯಿರಿ.